ಜಡಿಮಳೆಯ ಊರಿನಲ್ಲಿ ಹಲ್ಲಿನ ಬಾಂಡ್, ಸಿಮೆಂಟ್: ಯಾವುದನ್ನು ನಂಬಬೇಕು?

ಪ್ರಶ್ನೆ: ಮಳೆಗಾಲ ಶುರುವಾದರೆ ಸಾಕು, ನಾನು ಹಾಕಿದ ಕಾಂಪೋಸಿಟ್ (ಹಲ್ಲಿನ ಬಣ್ಣದ ರಾಳದ) ಫಿಲ್ಲಿಂಗ್‌ಗಳಲ್ಲಿ ಕೆಲವು ಎದ್ದು ಬರುತ್ತವೆ. ಇನ್ನು ಕೆಲವರಿಗೆ ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಆಸಿಡ್ ಹಚ್ಚಿ ತೊಳೆದ ಮೇಲೆ ಹಾಕುವ, ಒಂದೇ ಬಾಟಲಿಯ ಬಾಂಡ್ (ಫಿಲ್ಲಿಂಗನ್ನು ಹಲ್ಲಿಗೆ ಹಿಡಿಸುವ ಅಂಟು) ಬಳಸುತ್ತಿದ್ದೇನೆ. ಆಸಿಡ್ ಹಚ್ಚಿದರೂ ಹಚ್ಚದಿದ್ದರೂ ಬಳಸಬಹುದಾದ ಯೂನಿವರ್ಸಲ್ ಬಾಂಡ್‌ಗೆ ಬದಲಾಯಿಸಿದರೆ ಸರಿಹೋಗುತ್ತದೆಯೇ?
– ದಂತವೈದ್ಯೆ, ತೀರ್ಥಹಳ್ಳಿ

ಉತ್ತರ: ಬದಲಾಯಿಸಿ, ಒಳ್ಳೆಯದೇ. ಆದರೆ ಹೊಸ ಬಾಟಲಿಗೆ ದುಡ್ಡು ಕೊಡುವ ಮೊದಲು ನಿಮ್ಮ ಕಂಪ್ರೆಸರ್ ನೋಡಿ. ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ಮಲೆನಾಡಿನ ಗಾಳಿಯಲ್ಲಿ ತೇವ ತುಂಬಿರುತ್ತದೆ. ಆ ಗಾಳಿಯನ್ನು ಕಂಪ್ರೆಸರ್ ಒತ್ತಿದಾಗ ನೀರು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಅದನ್ನು ದಿನಾ ಬಿಡದಿದ್ದರೆ, ಹಲ್ಲು ಒಣಗಿಸಲು ಒತ್ತುವ ತ್ರೀ-ವೇ ಸಿರಿಂಜ್‌ನಿಂದ ಗಾಳಿಯ ಜೊತೆ ನೀರಿನ ತುಂತುರೂ ಬರುತ್ತದೆ. ಎಣ್ಣೆ ಹಾಕುವ ಕಂಪ್ರೆಸರ್ ಆದರೆ ಎಣ್ಣೆಯೂ ಸೇರುತ್ತದೆ. ಪರೀಕ್ಷೆ ಸುಲಭ. ಒಣಗಿದ ಮೌತ್ ಮಿರರ್ ಮೇಲೆ ಐದು ಸೆಕೆಂಡು ಗಾಳಿ ಬಿಡಿ. ಸಣ್ಣ ಹನಿಗಳು ಕಂಡರೆ ನೀರು, ಬೆರಳಿಗೆ ಜಿಡ್ಡು ಹತ್ತಿದರೆ ಎಣ್ಣೆ. ಸಂಜೆ ಕ್ಲಿನಿಕ್ ಮುಚ್ಚುವ ಮೊದಲು ಟ್ಯಾಂಕಿನ ಡ್ರೈನ್ ತಿರುವಿ ನೀರು ಬಿಡಿ, ಫಿಲ್ಟರ್ ಬಟ್ಟಲನ್ನೂ ಖಾಲಿ ಮಾಡಿ. ಎಚ್ಚಿಂಗ್ ಮಾಡಿದ (ಆಸಿಡ್ ಹಚ್ಚಿ ಒರಟು ಮಾಡಿದ) ಎನಾಮೆಲ್, ಅಂದರೆ ಹಲ್ಲಿನ ಹೊರಕವಚದ ಮೇಲೆ ಇಂಥ ಗಾಳಿ ಬಿಟ್ಟರೆ ಎಷ್ಟು ದುಬಾರಿ ಬಾಂಡ್ ತಂದರೂ ಹಿಡಿಯುವುದಿಲ್ಲ.

ಇನ್ನು ಬಾಂಡ್‌ನ ವಿಷಯ. ಎನಾಮೆಲ್‌ಗೆ ಫಾಸ್ಫಾರಿಕ್ ಆಸಿಡ್ ಹಚ್ಚಿ ರಾಳವನ್ನು (ರೆಸಿನ್) ಅಂಟಿಸಬಹುದೆಂದು ಬ್ಯುನೊಕೋರ್ ತೋರಿಸಿದ್ದು 1955ರಲ್ಲಿ. ಎನಾಮೆಲ್‌ನ ಮಟ್ಟಿಗೆ ಅದಕ್ಕಿಂತ ನಂಬಿಕೆಯ ದಾರಿ ಇವತ್ತಿಗೂ ಇಲ್ಲ. ತೊಂದರೆಯೆಲ್ಲ ಅದರ ಒಳಗಿನ ಪದರ ಡೆಂಟಿನ್‌ನದು. ಆಸಿಡ್ ತೊಳೆದ ಮೇಲೆ ಡೆಂಟಿನ್ ಪೂರ್ತಿ ಒಣಗಿದರೆ ಕೊಲಾಜೆನ್ ಎಳೆಗಳು ಕುಸಿದು ಬಾಂಡ್ ಒಳಗೆ ಇಳಿಯುವುದಿಲ್ಲ. ನೀರು ಹೆಚ್ಚು ಉಳಿದರೆ ಬಾಂಡ್ ತೆಳುವಾಗಿ ಗಟ್ಟಿಯಾಗುವುದಿಲ್ಲ. ಎರಡೂ ಸಂದರ್ಭದಲ್ಲಿ ಡೆಂಟಿನ್‌ನ ಸಣ್ಣ ಕೊಳವೆಗಳು ಬಾಯಿ ತೆರೆದೇ ಉಳಿಯುತ್ತವೆ, ರೋಗಿಗೆ ಜುಮ್ಮೆನ್ನುತ್ತದೆ. 'ಹಸಿ ಇರಲಿ, ಒದ್ದೆ ಬೇಡ' ಎಂಬ ಆ ನಡುವಿನ ಹದವನ್ನು ದಿನಕ್ಕೆ ಹತ್ತು ಹಲ್ಲಿನಲ್ಲಿ ಕಾಪಾಡುವುದು ಕಷ್ಟ. ಅದಕ್ಕೇ ಎಂಡಿಪಿ ಮೊನೊಮರ್ (ಹಲ್ಲಿನ ಕ್ಯಾಲ್ಸಿಯಂಗೆ ಅಂಟುವ ಅಂಶ) ಇರುವ ಯೂನಿವರ್ಸಲ್ ಬಾಂಡ್, ಅಥವಾ ಕ್ಲಿಯರ್‌ಫಿಲ್ ಎಸ್‌ಇ ಬಗೆಯ ಎರಡು ಬಾಟಲಿಯ ಸೆಲ್ಫ್-ಎಚ್ (ಬೇರೆ ಆಸಿಡ್ ಬೇಡದ) ಬಾಂಡ್ ತೆಗೆದುಕೊಂಡು ಎನಾಮೆಲ್ ಅಂಚಿಗೆ ಮಾತ್ರ ಆಸಿಡ್ ಹಚ್ಚುವ ಪದ್ಧತಿಯೇ ಮಲೆನಾಡಿನ ಕ್ಲಿನಿಕ್‌ಗಳಿಗೆ ಸರಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಯೂನಿವರ್ಸಲ್ ಬಾಂಡ್‌ನಲ್ಲಿ ಕೆಲಸ ಹೀಗೆ ಸಾಗಲಿ. ಹಲ್ಲನ್ನು ಬಾಯಿಯ ತೇವದಿಂದ ಬೇರೆ ಮಾಡುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್ ಹಾಕಿ. ಮಳೆಗಾಲದಲ್ಲಂತೂ ಇದನ್ನು ಬಿಡಬೇಡಿ, ಉಸಿರಿನ ಆವಿಯೇ ಹಲ್ಲಿನ ಮೇಲೆ ಕೂರುತ್ತದೆ. 37 ಶೇಕಡಾ ಫಾಸ್ಫಾರಿಕ್ ಜೆಲ್ ಅನ್ನು ಎನಾಮೆಲ್ ಅಂಚಿಗಷ್ಟೇ 15 ಸೆಕೆಂಡು ಬಿಟ್ಟು, ಅಷ್ಟೇ ಹೊತ್ತು ತೊಳೆಯಿರಿ. ಒಣಗಿಸಿದಾಗ ಅಂಚು ಸುಣ್ಣ ಬಳಿದ ಹಾಗೆ ಬಿಳಿಯಾಗಬೇಕು. ಬಾಂಡ್ ಹಚ್ಚಿ ಬ್ರಷ್‌ನಿಂದ 20 ಸೆಕೆಂಡು ಉಜ್ಜುತ್ತಲೇ ಇರಿ, ಬಳಿದು ಸುಮ್ಮನೆ ಬಿಡಬೇಡಿ. ಆಮೇಲೆ ಮೆಲ್ಲಗೆ ಗಾಳಿ ಬಿಡಿ. ಬಾಂಡ್‌ನ ಪದರ ಅಲುಗಾಡುವುದು ನಿಂತು ಸಮನಾಗಿ ಹೊಳೆಯುವವರೆಗೆ ಬಿಡಬೇಕು. ಲೇಬಲ್‌ನಲ್ಲಿ ಸಾಮಾನ್ಯವಾಗಿ 5 ಸೆಕೆಂಡು ಎಂದಿರುತ್ತದೆ, ತೇವದ ದಿನ ಅದು ಸಾಲದು. ಒಳಗಿನ ದ್ರಾವಕ ಆರದೆ ಉಳಿದರೆ ಬಾಂಡ್ ಮೆತ್ತಗೇ ಉಳಿಯುತ್ತದೆ. ಕೊನೆಗೆ ಬಾಂಡ್ ಗಟ್ಟಿಯಾಗಿಸುವ ನೀಲಿ ಲೈಟ್ 10 ಸೆಕೆಂಡು.

ನಡುವೆ ಎಂಜಲು ತಾಗಿದರೆ? ಎಚ್ಚಿಂಗ್ ಆದ ಮೇಲೆ ತಾಗಿದ್ದರೆ ತೊಳೆದು ಇನ್ನೊಮ್ಮೆ 10 ಸೆಕೆಂಡು ಎಚ್ ಮಾಡಿ. ಬಾಂಡ್‌ಗೆ ಲೈಟ್ ಕೊಟ್ಟ ಮೇಲೆ ತಾಗಿದ್ದರೆ ತೊಳೆದು, ಒಣಗಿಸಿ, ಬಾಂಡ್ ಮತ್ತೆ ಹಚ್ಚಿ. ಒರೆಸಿ ಮುಂದುವರಿಯಬೇಡಿ.

ಬಾಕ್ಸ್ (ಹಲ್ಲಿನ ಪಕ್ಕದಲ್ಲಿ ಕೊರೆದ ಗುಳಿ) ವಸಡಿನ ಕೆಳಗೆ ಇಳಿದಿದ್ದು, ಮ್ಯಾಟ್ರಿಕ್ಸ್ ಪಟ್ಟಿ ಕಟ್ಟಿದರೂ ರಕ್ತ ಒಸರುತ್ತಿದ್ದರೆ ಅಲ್ಲಿ ಬಾಂಡ್‌ನ ಹಟ ಬಿಡಿ. ತಳದಲ್ಲಿ ರೆಸಿನ್ ಬೆರೆತ ಜಿಐಸಿ (ಗ್ಲಾಸ್ ಅಯೊನೊಮರ್ ಸಿಮೆಂಟ್) ಒಂದು ಪದರ ಕೊಟ್ಟು, ಮೇಲೆ ಕಾಂಪೋಸಿಟ್ ಹಾಕಿ.

ಪ್ರಶ್ನೆ: ಜಿಐಸಿ ಕಲಸುವ ಕೆಲಸ ನನ್ನದು. ಅದೇ ಡಬ್ಬಿ, ಅದೇ ಚಮಚ, ಆದರೂ ಒಂದು ದಿನ ಕಲಸುತ್ತಲೇ ಗಟ್ಟಿಯಾಗುತ್ತದೆ, ಇನ್ನೊಂದು ದಿನ ನೀರು ನೀರಾಗುತ್ತದೆ. ಡಾಕ್ಟರು ಗಾಜಿನ ಹಲಗೆಯನ್ನು ಫ್ರಿಜ್‌ನಲ್ಲಿಡಲು ಹೇಳಿದ್ದಾರೆ. ಇಟ್ಟ ಮೇಲೆ ಇನ್ನೂ ಕೆಟ್ಟಿತು.
– ಡೆಂಟಲ್ ಅಸಿಸ್ಟೆಂಟ್, ಕೊಪ್ಪ

ಉತ್ತರ: ಹಲಗೆ ತಣ್ಣಗಿದ್ದರೆ ಸಿಮೆಂಟ್ ನಿಧಾನ ಗಟ್ಟಿಯಾಗುತ್ತದೆ ಎಂಬುದು ನಿಜ, ಬೇಸಿಗೆಗೆ ಅದು ಸರಿ. ಮಳೆಗಾಲದ ಲೆಕ್ಕ ಬೇರೆ. ಕೋಣೆಯಲ್ಲಿ 25 ಡಿಗ್ರಿ ಶಾಖ, 90 ಶೇಕಡಾ ತೇವ ಇದ್ದರೆ ಸುಮಾರು 23 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವೂ ಬೆವರುತ್ತದೆ. ಫ್ರಿಜ್‌ನಿಂದ ತೆಗೆದ ಹಲಗೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂತಿರುತ್ತದೆ. ನೀವು ಎಣಿಸಿ ಹಾಕಿದ ಹನಿಯ ಜೊತೆ ಅದೂ ಸೇರಿಕೊಳ್ಳುತ್ತದೆ. ಮಳೆಯ ತಿಂಗಳುಗಳಲ್ಲಿ ಹಲಗೆ ಫ್ರಿಜ್‌ನ ಹೊರಗೇ ಇರಲಿ. ಪೇಪರ್ ಪ್ಯಾಡ್ ಬಳಸುವುದಾದರೆ ಅದನ್ನು ಮುಚ್ಚಳದ ಡಬ್ಬಿಯಲ್ಲಿಡಿ, ದಿನದ ಮೊದಲ ಹಾಳೆಯನ್ನು ಹರಿದು ಎಸೆಯಿರಿ. ಅದು ತೇವ ಹೀರಿರುತ್ತದೆ.

ಅಳತೆ ತಪ್ಪುವ ಜಾಗ ಇನ್ನೆರಡಿವೆ. ಪುಡಿಯ ಬಾಟಲಿಯನ್ನು ಮೊದಲು ಮೆಲ್ಲಗೆ ತಟ್ಟಿ ಸಡಿಲ ಮಾಡಿ. ಚಮಚ ತುಂಬಿ, ಬಾಟಲಿಯ ಬಾಯಲ್ಲಿರುವ ಅಂಚಿಗೆ ಸವರಿ ಸಮ ಮಾಡಿ. ಒತ್ತಿ ತುಂಬಿದರೆ ಪುಡಿ ಹೆಚ್ಚಾಗಿ ಮಿಶ್ರಣ ಉದುರುತ್ತದೆ. ಲಿಕ್ವಿಡ್ ಬಾಟಲಿಯನ್ನು ಒಮ್ಮೆ ಅಡ್ಡ ಹಿಡಿದು, ತುದಿಗೆ ದ್ರವ ಬಂದ ಮೇಲೆ ನೇರ ಕೆಳಮುಖ ಮಾಡಿ ಒತ್ತಿ. ಓರೆ ಹಿಡಿದರೆ ಗಾಳಿಗುಳ್ಳೆ ಬಂದು ಹನಿ ಅರ್ಧವೇ ಬೀಳುತ್ತದೆ. ಅಂಥ ಹನಿಯನ್ನು ಒರೆಸಿ ಹೊಸದು ಹಾಕಿ. ಫಿಲ್ಲಿಂಗ್‌ನ ಜಿಐಸಿಯಾದ ಫ್ಯೂಜಿ ಒಂಬತ್ತಕ್ಕೆ ಒಂದು ಚಮಚಕ್ಕೆ ಒಂದು ಹನಿ, ಕ್ಯಾಪ್ ಅಂಟಿಸುವ ಫ್ಯೂಜಿ ಒಂದಕ್ಕೆ ಒಂದು ಚಮಚಕ್ಕೆ ಎರಡು ಹನಿ. ಬೇರೆ ಕಂಪನಿಯದಾದರೆ ಆ ಪೊಟ್ಟಣದ ಚೀಟಿ ನೋಡಿ. ಒಂದರ ಚಮಚವನ್ನು ಇನ್ನೊಂದಕ್ಕೆ ಹಾಕುವುದು ಬಹಳ ಕ್ಲಿನಿಕ್‌ಗಳಲ್ಲಿ ನಡೆಯುತ್ತದೆ, ಚಮಚದ ಗಾತ್ರವೇ ಬೇರೆ ಇರುತ್ತದೆ.

ಹನಿ ಹಾಕುವುದು ಡಾಕ್ಟರು ಹಲ್ಲು ಒಣಗಿಸಿ 'ಸರಿ' ಅಂದ ಮೇಲೆಯೇ. ಫಿಲ್ಲಿಂಗ್‌ಗಾದರೆ ಪುಡಿಯನ್ನು ಎರಡು ಪಾಲು ಮಾಡಿ, ಮೊದಲ ಪಾಲು 10 ಸೆಕೆಂಡು, ಉಳಿದದ್ದು 15 ಸೆಕೆಂಡು, ಸಣ್ಣ ಜಾಗದಲ್ಲೇ ಮಡಚಿ ಮಡಚಿ ಕಲಸಿ. ಜಿಂಕ್ ಫಾಸ್ಫೇಟ್ ಹಾಗೆ ಹಲಗೆ ತುಂಬ ಹರಡಿ ಒಂದೂವರೆ ನಿಮಿಷ ತಿಕ್ಕುವ ಅಭ್ಯಾಸ ಇದಕ್ಕೆ ಬೇಡ. ಕಲಸಿದ್ದು ಹೊಳೆಯುತ್ತಿರುವಾಗಲೇ ಹಲ್ಲಿಗೆ ಹೋಗಬೇಕು. ಹೊಳಪು ಹೋಯಿತೆಂದರೆ ಹಲ್ಲಿನ ಕ್ಯಾಲ್ಸಿಯಂ ಹಿಡಿಯಬೇಕಾದ ಆಮ್ಲವೆಲ್ಲ ಪುಡಿಯಲ್ಲೇ ಮುಗಿದಿದೆ ಎಂದರ್ಥ. ಆಗ ಅದನ್ನು ಎಸೆದು ಹೊಸದಾಗಿ ಕಲಸಿ, ಯಾರೂ ಬೈಯಬಾರದು.

ಪುಡಿಯಲ್ಲಿ ಗಂಟು ಕಂಡರೆ ಆ ಬಾಟಲಿ ಮುಗಿಯಿತು. ಬರಿ ನೀರು ಬೆರೆಸುವ ಬಗೆಯ ಜಿಐಸಿಯಲ್ಲಿ ಒಣ ಆಮ್ಲ ಪುಡಿಯಲ್ಲೇ ಇರುವುದರಿಂದ, ತೇವ ತಾಗಿದರೆ ಬಾಟಲಿಯ ಒಳಗೇ ಕೆಲಸ ಶುರುವಾಗುತ್ತದೆ. ಮಲೆನಾಡಿಗೆ ಆ ಬಗೆ ಬೇಡ. ಲಿಕ್ವಿಡ್ ಅನ್ನು ಫ್ರಿಜ್‌ನಲ್ಲಿಡಬೇಡಿ, ದಪ್ಪಗಾಗುತ್ತದೆ. ಪುಡಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿ ಸಾಕು.

ಡಾಕ್ಟರಿಗೆ ಒಂದು ಮಾತು: ಜಿಐಸಿಗೆ ಮೊದಲು ಹಚ್ಚಬೇಕಾದ್ದು ಫಾಸ್ಫಾರಿಕ್ ಆಸಿಡ್ ಅಲ್ಲ. ಅದು ಡೆಂಟಿನ್‌ನ ಕ್ಯಾಲ್ಸಿಯಂ ತೆಗೆದುಬಿಡುತ್ತದೆ, ಜಿಐಸಿ ಅಂಟುವುದೇ ಆ ಕ್ಯಾಲ್ಸಿಯಂಗೆ. 10 ಶೇಕಡಾ ಪಾಲಿಅಕ್ರಿಲಿಕ್ ಆಸಿಡ್ 20 ಸೆಕೆಂಡು, ಅಥವಾ 20 ಶೇಕಡಾದ್ದು 10 ಸೆಕೆಂಡು. ಹಾಕಿದ ಮೇಲೆ ವಾರ್ನಿಶ್ ಅಥವಾ ವ್ಯಾಸಲೀನ್ ಸವರಿ.

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ. ದವಡೆ ಹಲ್ಲಿನ ಕ್ಯಾಪ್ ಎರಡು ಸಲ ಬಿತ್ತು. ಒಳ್ಳೆ ಸಿಮೆಂಟ್ ಹಾಕಿದರೆ ನಿಲ್ಲುವುದಿಲ್ಲವೇ? ಮೊದಲಿನಿಂದಲೂ ಕವಳ ಹಾಕುವವರು.
– ಅಡಿಕೆ ಬೆಳೆಗಾರರು, ಸಾಗರ ತಾಲೂಕು

ಉತ್ತರ: ವರ್ಷಾನುಗಟ್ಟಲೆ ಅಡಿಕೆ ಜಗಿದ ಹಲ್ಲು ಸವೆದು ಗಿಡ್ಡವಾಗಿರುತ್ತದೆ. ಕ್ಯಾಪ್‌ಗಾಗಿ ಕೊರೆದ ಮೇಲೆ ದವಡೆ ಹಲ್ಲಿನಲ್ಲಿ ಸುಮಾರು 4 ಮಿಲಿಮೀಟರ್ ಎತ್ತರ ಉಳಿಯಬೇಕು, ಗೋಡೆಗಳು ಹೆಚ್ಚು ಓರೆಯಾಗಿರಬಾರದು. ಎತ್ತರ ಅಷ್ಟಿದ್ದರೆ ಸಾಧಾರಣ ಜಿಐಸಿಯಲ್ಲೇ ಕ್ಯಾಪ್ ವರ್ಷಗಟ್ಟಲೆ ನಿಲ್ಲುತ್ತದೆ. ಇಲ್ಲದಿದ್ದರೆ ಮೊದಲು ಹಲ್ಲಿನಲ್ಲಿ ಹಿಡಿತ ಮಾಡಬೇಕು. ಪಕ್ಕದಲ್ಲಿ ಸಣ್ಣ ತೋಡು ಕೊರೆಯುವುದೋ, ವಸಡು ಸ್ವಲ್ಪ ಇಳಿಸಿ ಎತ್ತರ ಹೆಚ್ಚಿಸುವುದೋ ವೈದ್ಯರು ನೋಡಿ ಹೇಳುತ್ತಾರೆ. ಆಮೇಲೆ ರೆಸಿನ್ ಸಿಮೆಂಟ್.

ಮುಂದಿನ ಸಲ ಹೋಗುವಾಗ ಬಿದ್ದ ಕ್ಯಾಪ್ ಅನ್ನು ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ಒಳಗಿನದನ್ನು ಕೆರೆಯಬೇಡಿ. ಸಿಮೆಂಟ್ ಕ್ಯಾಪ್‌ನೊಳಗೇ ಉಳಿದಿದ್ದರೆ ಬಿಟ್ಟುಕೊಂಡದ್ದು ಹಲ್ಲಿನ ಕಡೆ. ಹಲ್ಲಿನ ಮೇಲೆ ಉಳಿದಿದ್ದರೆ ಕ್ಯಾಪ್‌ನ ಒಳಮೈಯಲ್ಲಿ ತೊಂದರೆ. ಅದು ಬಿಳಿ ಜಿರ್ಕೋನಿಯಾ ಕ್ಯಾಪ್ ಆದರೆ ಒಳಗೆ 50 ಮೈಕ್ರಾನ್ ಅಲ್ಯುಮಿನಾ ಪುಡಿ ಊದಿ, ಎಂಡಿಪಿ ಪ್ರೈಮರ್ ಹಚ್ಚಿ, ಆಮೇಲೆ ರೆಸಿನ್ ಸಿಮೆಂಟ್ ಹಾಕಬೇಕು. ಬಾಯಲ್ಲಿ ಕೂರಿಸಿ ನೋಡುವಾಗ ಎಂಜಲಿನ ಫಾಸ್ಫೇಟ್ ಜಿರ್ಕೋನಿಯಾಕ್ಕೆ ಹಿಡಿದುಬಿಡುತ್ತದೆ, ಹಾಗಾಗಿ ಪುಡಿ ಊದುವುದು ಕೂರಿಸಿ ನೋಡಿದ ನಂತರ. ಫಾಸ್ಫಾರಿಕ್ ಆಸಿಡ್‌ನಿಂದ ತೊಳೆದರೆ ಇನ್ನಷ್ಟು ಕೆಡುತ್ತದೆ. ಇದನ್ನು ನಿಮ್ಮ ವೈದ್ಯರ ಹತ್ತಿರ ಸಂಕೋಚವಿಲ್ಲದೆ ಕೇಳಿ. ಮನೆಯಲ್ಲಿ ಫೆವಿಕ್ವಿಕ್ ಹಾಕಿ ಅಂಟಿಸಲು ಮಾತ್ರ ಹೋಗಬೇಡಿ. ಕ್ಯಾಪ್ ಓರೆಯಾಗಿ ಕೂತರೆ ಒಡೆದೇ ತೆಗೆಯಬೇಕಾಗುತ್ತದೆ.

ಪ್ರಶ್ನೆ: ಹೊಸನಗರದಲ್ಲಿ ಕ್ಲಿನಿಕ್ ತೆರೆಯುತ್ತಿದ್ದೇನೆ. ಸಾಮಾನೆಲ್ಲ ಶಿವಮೊಗ್ಗ ಅಥವಾ ಬೆಂಗಳೂರಿನಿಂದ ಬರಬೇಕು. ಕಡಿಮೆ ಬಂಡವಾಳದಲ್ಲಿ ಯಾವ ಬಾಂಡ್, ಸಿಮೆಂಟ್ ಇಟ್ಟುಕೊಂಡರೆ ಸಾಕು? ಅಸಲಿಯೆಂದು ಹೇಗೆ ತಿಳಿಯುವುದು?
– ಯುವ ದಂತವೈದ್ಯ

ಉತ್ತರ: ನಾಲ್ಕು ಸಾಕು. ಎಂಡಿಪಿ ಇರುವ ಒಂದು ಯೂನಿವರ್ಸಲ್ ಬಾಂಡ್, ಫಿಲ್ಲಿಂಗ್‌ಗೆ ಗಟ್ಟಿ ಜಿಐಸಿ, ಕ್ಯಾಪ್‌ಗೆ ಅಂಟಿಸುವ ಜಿಐಸಿ, ಒಂದು ಡ್ಯುಯಲ್ ಕ್ಯೂರ್ (ಬೆಳಕಿನಿಂದಲೂ ತಾನಾಗಿಯೂ ಗಟ್ಟಿಯಾಗುವ) ರೆಸಿನ್ ಸಿಮೆಂಟ್. ಬಾಂಡ್ ಮತ್ತು ರೆಸಿನ್ ಸಿಮೆಂಟ್ ಒಂದೇ ಕಂಪನಿಯದಾಗಿರಲಿ. ಆಮ್ಲೀಯ ಬಾಂಡ್ ಕೆಲವು ಡ್ಯುಯಲ್ ಕ್ಯೂರ್ ಸಿಮೆಂಟ್‌ಗಳ ಅಮೈನ್ (ಗಟ್ಟಿಯಾಗಿಸುವ ಅಂಶ) ಅನ್ನು ಕೊಂದು ಗಟ್ಟಿಯಾಗಲು ಬಿಡುವುದಿಲ್ಲ. ಜೋಡಿಯಾಗಿ ತಯಾರಿಸಿದ್ದರಲ್ಲಿ ಅದಕ್ಕೆ ಪರಿಹಾರ ಇರುತ್ತದೆ. ಉಳಿಸಿದ ದುಡ್ಡಿನಲ್ಲಿ ಲೈಟ್‌ನ ಬಲ ಅಳೆಯುವ ರೇಡಿಯೋಮೀಟರ್ ತೆಗೆದುಕೊಳ್ಳಿ. ಬ್ಯಾಟರಿ ಹಳೆಯದಾದ, ತುದಿಗೆ ಕಾಂಪೋಸಿಟ್ ಮೆತ್ತಿದ ಲೈಟ್ ಕಣ್ಣಿಗೆ ಚೆನ್ನಾಗಿಯೇ ನೀಲಿಯಾಗಿ ಕಾಣುತ್ತದೆ, ಅಳೆದರೆ ಅರ್ಧವೂ ಇರುವುದಿಲ್ಲ. ವಾರಕ್ಕೊಮ್ಮೆ ಅಳೆದು ಬರೆದಿಡಿ.

ಪೊಟ್ಟಣ ಕೈಗೆ ಬಂದಾಗ ಲಾಟ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ವಿದೇಶದ್ದಾದರೆ ಆಮದುದಾರರ ಹೆಸರು-ವಿಳಾಸ ಮತ್ತು ಆಮದು ಪರವಾನಗಿ ಸಂಖ್ಯೆ ನೋಡಿ. 2017ರ ವೈದ್ಯಕೀಯ ಸಾಧನಗಳ ನಿಯಮದಂತೆ ಅದು ಇರಲೇಬೇಕು. ಹೊರಗಿನ ಪೆಟ್ಟಿಗೆಯ ಲಾಟ್ ಸಂಖ್ಯೆ, ಒಳಗಿನ ಬಾಟಲಿಯದ್ದು ಹೊಂದದಿದ್ದರೆ ಏಕೆಂದು ಕೇಳಿ, ಸರಿಯಾದ ಉತ್ತರ ಸಿಗದಿದ್ದರೆ ಹಿಂದಿರುಗಿಸಿ. ಬಿಲ್ ಇಲ್ಲದೆ ಅರ್ಧ ಬೆಲೆಗೆ ಸಿಗುವ ಬಾಂಡ್ ಬೇಡವೇ ಬೇಡ. ಏಪ್ರಿಲ್‌ನಲ್ಲಿ ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸುವುದಾದರೆ ರಾತ್ರಿ ಬಸ್ಸಿಗೆ ಹಾಕಿಸಿ, ಬೆಳಿಗ್ಗೆಯೇ ಬಿಡಿಸಿಕೊಳ್ಳಿ. ಫ್ರಿಜ್‌ನಲ್ಲಿಡಬೇಕೋ ಬೇಡವೋ ಲೇಬಲ್‌ನಲ್ಲಿದೆ. ಇಟ್ಟರೆ, ಬಳಸುವ ಒಂದು ಗಂಟೆ ಮೊದಲು ಹೊರಗೆ ತೆಗೆದು, ಬಾಟಲಿಯ ಮೈ ಬೆವರುವುದು ನಿಂತ ಮೇಲೆ ಮುಚ್ಚಳ ತೆರೆಯಿರಿ. ದೊಡ್ಡ ಬಾಟಲಿ ಅಗ್ಗವೆನಿಸಿದರೂ ಮೊದಲ ವರ್ಷ ಸಣ್ಣದನ್ನೇ ಕೊಳ್ಳಿ. ಮುಚ್ಚಳ ತೆರೆದಷ್ಟು ಸಲ ದ್ರಾವಕ ಹಾರುತ್ತದೆ.

ಪ್ರಶ್ನೆ: ಬಾಯಿ ಎರಡು ಬೆರಳಿನಷ್ಟೂ ತೆರೆಯದ ಅಡಿಕೆ ಜಗಿಯುವವರ ಹಿಂದಿನ ದವಡೆ ಹಲ್ಲಿಗೆ ಏನು ಹಾಕುವುದು?
– ದಂತವೈದ್ಯ, ಶೃಂಗೇರಿ

ಉತ್ತರ: ಗಟ್ಟಿ ಜಿಐಸಿ. ಲೈಟ್‌ನ ತುದಿ ಓರೆಯಾಗಿ, ದೂರದಿಂದ ಬಿದ್ದರೆ ಕಾಂಪೋಸಿಟ್‌ನ ತಳ ಹಸಿಯಾಗೇ ಉಳಿಯುತ್ತದೆ. ಜಿಐಸಿಗೆ ಬೆಳಕು ಬೇಕಿಲ್ಲ. ಸವೆಯುತ್ತದೆ, ನಿಜ; ಆರು ತಿಂಗಳಿಗೊಮ್ಮೆ ನೋಡಿ ಮೇಲ್ಪದರ ಸೇರಿಸಿದರಾಯಿತು. ಆದರೆ ಇಷ್ಟು ಬಾಯಿ ಬಿಗಿದವರನ್ನು ಫಿಲ್ಲಿಂಗ್ ಹಾಕಿ ಅಷ್ಟಕ್ಕೇ ಕಳಿಸಬೇಡಿ. ಕೆನ್ನೆಯ ಒಳಗೆ ಬೆರಳಾಡಿಸಿ ಪಟ್ಟಿಯಂತೆ ಬಿಗಿತ ಇದೆಯೇ, ಬಿಳಿಚಿದೆಯೇ ನೋಡಿ. ಇದ್ದರೆ ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು, ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿ. ಅಡಿಕೆ ಬಿಡಲು ಹೇಳಿ, ಶಿವಮೊಗ್ಗದಲ್ಲಿ ಓರಲ್ ಸರ್ಜನ್ ಹತ್ತಿರ ಅದೇ ವಾರ ಕಳಿಸಿ.

ಪ್ರಶ್ನೆ: ತಾತ್ಕಾಲಿಕವಾಗಿ ಲವಂಗದೆಣ್ಣೆಯ ಸಿಮೆಂಟ್ ಹಾಕಿದ್ದ ಹಲ್ಲಿಗೆ ಮರುದಿನವೇ ಕಾಂಪೋಸಿಟ್ ಹಾಕಬಹುದೇ?
– ದಂತವೈದ್ಯೆ, ಭದ್ರಾವತಿ

ಉತ್ತರ: ಬೇಡ. ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ರೆಸಿನ್ ಗಟ್ಟಿಯಾಗುವುದನ್ನು ತಡೆಯುತ್ತದೆ. ಕಾಂಪೋಸಿಟ್ ಅಥವಾ ರೆಸಿನ್ ಸಿಮೆಂಟ್ ಬರಲಿದೆ ಎಂದು ಗೊತ್ತಿದ್ದರೆ ಮೊದಲೇ ಯೂಜಿನಾಲ್ ಇಲ್ಲದ ತಾತ್ಕಾಲಿಕ ಸಿಮೆಂಟ್ ಹಾಕಿ. ಈಗಾಗಲೇ ಹಾಕಿದ್ದರೆ ಒಂದು ವಾರ ಬಿಟ್ಟು, ಪ್ಯೂಮಿಸ್‌ನಿಂದ ಉಜ್ಜಿ, ಈ ಹಲ್ಲಿಗೆ ಮಾತ್ರ ಡೆಂಟಿನ್‌ಗೂ ಸೇರಿಸಿ 15 ಸೆಕೆಂಡು ಫಾಸ್ಫಾರಿಕ್ ಆಸಿಡ್ ಹಚ್ಚಿ ತೊಳೆಯಿರಿ. ಎಣ್ಣೆ ಇಳಿದ ಮೇಲ್ಪದರ ಅದರೊಂದಿಗೆ ಹೋಗುತ್ತದೆ. ಆಮೇಲೆ ಯೂನಿವರ್ಸಲ್ ಬಾಂಡ್.