ಗ್ಯಾಸ್ ಟರ್ಬೈನ್ ಎಂಜಿನ್ನಿನ ಭಾಗಗಳನ್ನು ಗುರುತಿಸಲು ಯಾವ ಚಾರ್ಟ್ ಬಾಯಿಪಾಠ ಮಾಡಬೇಕು? ಹಾಸನದಿಂದ ಬೆಂಗಳೂರಿಗೆ ಕೋಚಿಂಗ್‌ಗೆ ಹೋಗಬೇಕಾ?

ಯಾವ ಚಾರ್ಟನ್ನೂ ಬಾಯಿಪಾಠ ಮಾಡಬೇಡಿ. ಕೋಚಿಂಗ್ ವಿಷಯ ಆಮೇಲೆ.

ಡಿಪ್ಲೊಮಾ ಮುಗಿದಿದೆ, ವಿಮಾನದ ಎಂಜಿನ್ ಶಾಪ್ ಒಂದರಲ್ಲಿ ಟ್ರೈನಿ ಕೆಲಸಕ್ಕೆ ಕರೆ ಬಂದಿದೆ, ಮೇಜಿನ ಮೇಲೆ ಭಾಗಗಳನ್ನಿಟ್ಟು ಹೆಸರು ಕೇಳುತ್ತಾರಂತೆ ಅಂತ ಬರೆದಿದ್ದೀರಿ. ಅಂಥದ್ದೇ ಮೇಜಿನ ಮುಂದೆ ನಾನೂ ನಿಂತಿದ್ದೆ, ಹಾಸನದಿಂದಲೇ ಹೋಗಿ. ಕೆಲಸ ಸಿಗಲಿಲ್ಲ. ಓದಿರಲಿಲ್ಲ ಅಂತಲ್ಲ, ಚೆನ್ನಾಗಿಯೇ ಓದಿದ್ದೆ. ಓದಿದ್ದು ಮಾತ್ರ ನಿಮ್ಮ ಹಾಗೆಯೇ, ಒಂದು ಬಣ್ಣದ ಚಿತ್ರ. ಎಡಗಡೆ ನೀಲಿ, ನಡುವೆ ಹಳದಿ, ಬಲಗಡೆ ಕೆಂಪು. ಇನ್‌ಟೇಕ್, ಕಂಪ್ರೆಸರ್, ಕಂಬಶ್ಚನ್ ಚೇಂಬರ್, ಟರ್ಬೈನ್, ಎಕ್ಸಾಸ್ಟ್. ಮಧ್ಯರಾತ್ರಿ ಎಬ್ಬಿಸಿ ಕೇಳಿದರೂ ಗಡಗಡ ಹೇಳುತ್ತಿದ್ದೆ. ಆದರೆ ಮೇಜಿನ ಮೇಲೆ ಇಟ್ಟಿದ್ದಕ್ಕೆಲ್ಲ ಒಂದೇ ಬಣ್ಣ, ಬೂದು.

ಪರೀಕ್ಷೆ ಮಾಡುತ್ತಿದ್ದವರು ವಯಸ್ಸಾದವರು, ಸಮಾಧಾನದ ಮನುಷ್ಯ. ಒಂದು ಬ್ಲೇಡ್ ಎತ್ತಿ ನನ್ನ ಅಂಗೈಗೆ ಹಾಕಿದರು. ಕಿರುಬೆರಳಿಗಿಂತ ಚೂರು ಉದ್ದ ಇತ್ತು.

"ಏನಪ್ಪಾ ಇದು?"

"ಹೈ ಪ್ರೆಶರ್ ಕಂಪ್ರೆಸರ್ ಬ್ಲೇಡ್ ಸರ್. ಕೊನೆಯ ಸ್ಟೇಜ್."

"ಹೇಗೆ ಹೇಳ್ತೀಯಾ?"

"ಚಿಕ್ಕದಾಗಿದೆ ಸರ್."

ಅದು ಹೈ ಪ್ರೆಶರ್ ಟರ್ಬೈನ್ ಬ್ಲೇಡ್.

ಈ ಒಂದು ತಪ್ಪನ್ನು ನಾನು ಬಿಡಿಸಿ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಯಾಕೆಂದರೆ ಚಾರ್ಟ್ ನೋಡಿ ಕಲಿತವರೆಲ್ಲ ಬೀಳುವುದು ಇದೇ ಗುಂಡಿಗೆ. ಚಿತ್ರದಲ್ಲಿ ಕಂಪ್ರೆಸರ್ ಬ್ಲೇಡುಗಳು ಹಿಂದೆ ಹಿಂದೆ ಹೋದಂತೆ ಗಿಡ್ಡ ಆಗುತ್ತವೆ, ಟರ್ಬೈನ್ ಬ್ಲೇಡುಗಳು ಹಿಂದೆ ಹೋದಂತೆ ಉದ್ದ ಆಗುತ್ತವೆ. ಎರಡೂ ನಿಜ. ನಾನು ಅದನ್ನು ತಲೆಯಲ್ಲಿ "ಗಿಡ್ಡ ಅಂದರೆ ಕಂಪ್ರೆಸರ್, ಉದ್ದ ಅಂದರೆ ಟರ್ಬೈನ್" ಅಂತ ಗಂಟು ಹಾಕಿಕೊಂಡುಬಿಟ್ಟಿದ್ದೆ. ಯಾಕೆ ಗಿಡ್ಡ ಆಗುತ್ತವೆ ಅಂತ ಒಂದು ಸಲವೂ ಕೇಳಿಕೊಂಡಿರಲಿಲ್ಲ. ಕಂಪ್ರೆಸರ್ ಗಾಳಿಯನ್ನು ಒತ್ತುತ್ತಾ ಹೋಗುತ್ತದೆ. ಒತ್ತಿದ ಗಾಳಿಗೆ ಕಡಿಮೆ ಜಾಗ ಸಾಕು, ದಾರಿ ಕಿರಿದಾಗುತ್ತದೆ, ಬ್ಲೇಡ್ ಗಿಡ್ಡ ಆಗುತ್ತದೆ. ಆಮೇಲೆ ಕಂಬಶ್ಚನ್ ಚೇಂಬರ್. ಅಲ್ಲಿ ಇಂಧನ ಉರಿದು ಗಾಳಿ ಬಿಸಿಯಾಗುತ್ತದೆ, ಒತ್ತಡ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಅದು ಟರ್ಬೈನಿಗೆ, ಅಂದರೆ ಆ ಗ್ಯಾಸಿನಿಂದ ತಿರುಗಿ ಕಂಪ್ರೆಸರನ್ನು ತಿರುಗಿಸುವ ಭಾಗಕ್ಕೆ, ನುಗ್ಗುವಾಗ ಇನ್ನೂ ಒತ್ತಡದಲ್ಲೇ ಇರುತ್ತದೆ. ಹಾಗಾಗಿ ಟರ್ಬೈನಿನ ಮೊದಲ ಸಾಲಿನ ಬ್ಲೇಡುಗಳೂ ಗಿಡ್ಡವೇ! ಆಮೇಲೆ ಹಿಗ್ಗುತ್ತಾ ಹೋದಂತೆ ಉದ್ದ ಆಗುತ್ತವೆ. ಅಂದರೆ ಗಿಡ್ಡ ಬ್ಲೇಡ್ ಹೇಳುವುದು ಒಂದೇ ಮಾತು: ನಾನು ಬೆಂಕಿಯ ಹತ್ತಿರ ಇದ್ದವನು. ಬೆಂಕಿಯ ಮುಂದೆಯೋ ಹಿಂದೆಯೋ ಅನ್ನುವುದನ್ನು ಬೇರೆ ಗುರುತುಗಳಿಂದ ತಿಳಿಯಬೇಕು.

ಆ ಗುರುತುಗಳು ನನ್ನ ಅಂಗೈಯಲ್ಲೇ ಇದ್ದವು. ಅವರು "ಬುಡ ನೋಡು" ಅಂದರು. ನೋಡಿದೆ. ಬುಡದ ಎರಡೂ ಪಕ್ಕ ಹಲ್ಲು ಹಲ್ಲು, ಕೆಳಗೆ ಹೋದಂತೆ ಕಿರಿದು. "ಫರ್ ಟ್ರೀ ರೂಟ್" ಅನ್ನುವ ಹೆಸರು ನನಗೆ ಬಾಯಿಗೆ ಬರುತ್ತಿತ್ತು, ಆದರೆ ಚಾರ್ಟಿನಲ್ಲಿ ಬುಡವನ್ನು ಬಿಡಿಸಿರಲಿಲ್ಲವಲ್ಲ, ಆ ಹೆಸರು ಈ ಹಲ್ಲುಗಳದ್ದೇ ಅಂತ ಹೊಳೆಯಲೇ ಇಲ್ಲ. ಕಂಪ್ರೆಸರ್ ಬ್ಲೇಡಿಗೆ ಸಾಮಾನ್ಯವಾಗಿ ಡವ್‌ಟೇಲ್ ಬುಡ, ಕೆಳಗೆ ಅಗಲ ಮೇಲೆ ಕಿರಿದು, ಒಂದೇ ಮೆಟ್ಟಿಲು. ಟರ್ಬೈನ್ ಬ್ಲೇಡ್ ಕಾದ ಸ್ಥಿತಿಯಲ್ಲೇ ಭಾರಿ ಎಳೆತ ತಡೆಯಬೇಕು, ಅದಕ್ಕೆ ಆ ಎಳೆತವನ್ನು ಹಲವು ಹಲ್ಲುಗಳಿಗೆ ಹಂಚಿರುತ್ತಾರೆ. ಎಂಜಿನ್ ನಿಂತಿರುವಾಗ ಈ ಬ್ಲೇಡ್ ತಾನು ಕೂತ ಚಕ್ರದಲ್ಲಿ, ಅಂದರೆ ಡಿಸ್ಕ್‌ನಲ್ಲಿ ಸ್ವಲ್ಪ ಅಲ್ಲಾಡುತ್ತದೆ. ಅದು ದೋಷವಲ್ಲ, ತಿರುಗಲು ಶುರುವಾದರೆ ತಾನೇ ಬಿಗಿಯಾಗುತ್ತದೆ. ಇದನ್ನೂ ಕೇಳುತ್ತಾರೆ, ನೆನಪಿರಲಿ.

ಬುಡದ ತಳದಲ್ಲಿ ತೂತುಗಳಿದ್ದವು. "ಇದು ಯಾಕೆ?" ಅಂದರು. ನಾನು "ತೂಕ ಕಡಿಮೆ ಮಾಡೋಕೆ ಸರ್" ಅಂದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಕಂಪ್ರೆಸರಿನಿಂದ ಕದ್ದು ತಂದ ಗಾಳಿ ಆ ತೂತಿನಿಂದ ಬ್ಲೇಡಿನ ಹೊಟ್ಟೆಗೆ ಹೋಗುತ್ತದೆ. ಒಳಗೆ ಸುತ್ತಾಡಿ, ಮುಂದಿನ ಅಂಚಿನಲ್ಲಿರುವ ಸಣ್ಣ ಸಣ್ಣ ರಂಧ್ರಗಳಿಂದ ಹೊರಬಂದು ಬ್ಲೇಡಿನ ಮೈಗೆ ತೆಳುವಾಗಿ ಹರಡಿಕೊಳ್ಳುತ್ತದೆ. ಈಗಿನ ದೊಡ್ಡ ಎಂಜಿನ್ನುಗಳಲ್ಲಿ ಟರ್ಬೈನಿಗೆ ಬರುವ ಗ್ಯಾಸ್ 1500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಬ್ಲೇಡಿನ ನಿಕ್ಕಲ್ ಮಿಶ್ರಲೋಹ ಅದಕ್ಕಿಂತ ಕಡಿಮೆ ಬಿಸಿಗೇ ಕರಗುತ್ತದೆ. ಆ ತೂತುಗಳಿಲ್ಲದೆ ಆ ಬ್ಲೇಡ್ ಉಳಿಯುವುದೇ ಇಲ್ಲ. ಅಂಚಿನ ಮೇಲೆ ಉಗುರು ಆಡಿಸಿದ್ದರೆ ಸಾಕಿತ್ತು, ರಂಧ್ರದ ಸಾಲು ತರತರ ಅಂತ ಕೈಗೆ ಸಿಗುತ್ತಿತ್ತು. ನಾನು ಆಡಿಸಲಿಲ್ಲ, ಉತ್ತರ ಆಗಲೇ ಹೇಳಿಯಾಗಿತ್ತಲ್ಲ.

ಇದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಪಕ್ಕದಲ್ಲಿ ಎರಡು ವೇನ್‌ಗಳು ಒಂದೇ ಎರಕದಲ್ಲಿರುವ ತುಂಡು ಇತ್ತು, ವೇನ್ ಅಂದರೆ ತಿರುಗದೆ ನಿಂತಿರುವ ರೆಕ್ಕೆ. ದಪ್ಪ, ತುಂಬಾ ಬಾಗಿದ್ದು, ಮೇಲೆ ಸುಟ್ಟ ಕಲೆ. ಟರ್ಬೈನ್ ಬ್ಲೇಡಿನ ಮುಂದೆ ನಿಂತಿರುವ ನೋಝಲ್ ಗೈಡ್ ವೇನ್ ಅಂತ ಯಾರಾದರೂ ಹೇಳಬಹುದು. ಮೊದಲನೆಯದು ಕಂಪ್ರೆಸರ್ ಅಂದ ಮೇಲೆ ಇದೂ ಅದರ ಜೊತೆಯದೇ ಇರಬೇಕು ಅಂತ ಲೆಕ್ಕ ಹಾಕಿ "ಕಂಪ್ರೆಸರ್ ಸ್ಟೇಟರ್" ಅಂದೆ, ಅಂದರೆ ಕಂಪ್ರೆಸರಿನ ನಿಂತ ರೆಕ್ಕೆ. ಅವರು ಏನೋ ಬರೆದುಕೊಂಡರು. ಮುಂದಿನವನನ್ನು ಕರೆದರು. ಅಲ್ಲಿ ಮತ್ತೆ ಕರೆಯುವ ಹೊತ್ತಿಗೆ ನನ್ನ ವಯಸ್ಸಿನ ಮಿತಿ ದಾಟಿತ್ತು.

ಹಾಸನಕ್ಕೆ ಬಂದು ಸೋದರಮಾವನ ಲಾರಿ ಗ್ಯಾರೇಜಿನಲ್ಲಿ ಸೇರಿಕೊಂಡೆ. ಶಿರಾಡಿ ಘಾಟಿ ಹತ್ತಿ ಬರುವ ಲಾರಿಗಳ ಟರ್ಬೊ ಬಿಚ್ಚುವುದು ನನ್ನ ಪಾಲಿಗೆ ಬಂತು. ಕೋಚಿಂಗ್ ಬೇಡ ಅಂತ ನಾನು ಹೇಳುವುದಕ್ಕೆ ಕಾರಣ ಆ ಟರ್ಬೊ.

ಟರ್ಬೊಚಾರ್ಜರ್ ಅಂದರೆ ಕಂಬಶ್ಚನ್ ಚೇಂಬರ್ ಇಲ್ಲದ ಗ್ಯಾಸ್ ಟರ್ಬೈನ್, ಅಷ್ಟೇ. ಬೆಂಕಿಯ ಕೆಲಸವನ್ನು ಡೀಸೆಲ್ ಎಂಜಿನ್ ಮಾಡಿಕೊಡುತ್ತದೆ, ಅದರ ಹೊಗೆಯೇ ಟರ್ಬೈನನ್ನು ತಿರುಗಿಸುತ್ತದೆ. ಒಂದು ಕಡೆ ಕಂಪ್ರೆಸರ್ ವೀಲ್, ಹಗುರ, ಅಲ್ಯೂಮಿನಿಯಂ. ಇನ್ನೊಂದು ಕಡೆ ಟರ್ಬೈನ್ ವೀಲ್, ಭಾರ, ಮಸಿ ಹಿಡಿದದ್ದು. ಟರ್ಬೈನ್ ವೀಲನ್ನು ಶಾಫ್ಟಿಗೆ ವೆಲ್ಡ್ ಮಾಡಿರುತ್ತಾರೆ, ಕಂಪ್ರೆಸರ್ ವೀಲ್ ನಟ್ಟಿನ ಮೇಲೆ ನಿಂತಿರುತ್ತದೆ. ಸುಮ್ನೆ ಹೇಳುತ್ತಿಲ್ಲ, 1939ರಲ್ಲಿ ಹಾರಿದ ಮೊದಲ ಜೆಟ್ ವಿಮಾನ ಹೈಂಕೆಲ್ 178ರ ಎಂಜಿನ್ನಿನಲ್ಲಿ ಇದ್ದದ್ದೂ ಇದೇ ಜಾತಿ: ಗಾಳಿಯನ್ನು ನಡುವಿನಿಂದ ಎಳೆದು ಸುತ್ತಲೂ ಎಸೆಯುವ ಕಂಪ್ರೆಸರ್, ಸುತ್ತಲಿಂದ ತಗೊಂಡು ನಡುವಿನಿಂದ ಬಿಡುವ ಟರ್ಬೈನ್.

ಒಂದು ಟರ್ಬೊ ಹಾಳಾಗಿ ಬಂದಿತ್ತು. ನಾನು ಯಾವ ವೀಲ್ ಯಾವುದು ಅಂತ ಹೆಸರು ಹೇಳಿ ಜಂಬ ಪಡುತ್ತಿದ್ದೆ. ಮಾವ ವಿಮಾನದ ಹತ್ತಿರವೂ ಹೋದವರಲ್ಲ. ಅವರು "ಹೆಸ್ರು ಕಟ್ಕಂಡು ಏನ್ ಮಾಡೀಯಾ, ಗಾಳಿ ಯಾವ ಕಡೆಯಿಂದ ಬತ್ತದೆ, ಯಾವ ಕಡೆ ಹೋಯ್ತದೆ ನೋಡ್ಲಾ ಮೊದ್ಲು" ಅಂದರು. ಕಂಪ್ರೆಸರ್ ವೀಲಿನ ಅಂಚು ಕಚ್ಚಿಹೋಗಿದ್ದರೆ ಏರ್ ಫಿಲ್ಟರ್ ಕಡೆಯಿಂದ ಏನೋ ನುಗ್ಗಿದೆ. ಟರ್ಬೈನ್ ವೀಲಿನ ಅಂಚು ಕಚ್ಚಿದ್ದರೆ ಎಂಜಿನ್ನಿನ ಒಳಗಿನದ್ದೇ ಏನೋ ಮುರಿದು ಬಂದಿದೆ. ಇಷ್ಟನ್ನು ನೋಡಿಯೇ ಅವರು ಲಾರಿಯವರಿಗೆ ಎಲ್ಲಿ ಖರ್ಚು ಮಾಡಬೇಕು ಅಂತ ಹೇಳುತ್ತಿದ್ದರು.

ಹಾಗಾಗಿ ನನ್ನ ಸಲಹೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟಿದ್ದು. ಕೋಚಿಂಗಿನವರು ಕೊಡುವುದು ಇನ್ನೂ ದಪ್ಪದ ಪಿಡಿಎಫ್. ಅದರ ಬದಲು ನಿಮ್ಮೂರಿನ ಯಾವುದಾದರೂ ಗ್ಯಾರೇಜಿಗೆ ಹೋಗಿ ಗುಜರಿಗೆ ಹಾಕುವ ಟರ್ಬೊ ಒಂದನ್ನು ಕೇಳಿ ತನ್ನಿ. ಒಂದು ವೀಲ್ ಗಾಳಿಗೆ ಕೆಲಸ ಕೊಡುತ್ತದೆ, ಇನ್ನೊಂದು ಗಾಳಿಯಿಂದ ಕೆಲಸ ಕಿತ್ತುಕೊಳ್ಳುತ್ತದೆ. ಯಾವುದು ಯಾವುದು ಅಂತ ಕಣ್ಣುಮುಚ್ಚಿ ಮುಟ್ಟಿ ಹೇಳುವಷ್ಟು ಆಡಿ. ಆಮೇಲೆ ವಿಮಾನದ ಬ್ಲೇಡಿಗೂ ಅದೇ ಪ್ರಶ್ನೆ ಹಾಕಿ. ಕಂಪ್ರೆಸರ್ ಬ್ಲೇಡ್ ತನ್ನ ತಗ್ಗು ಮುಖವನ್ನು ಮುಂದೆ ಮಾಡಿಕೊಂಡು ತಿರುಗುತ್ತದೆ, ಗಾಳಿಯನ್ನು ನೂಕಬೇಕಲ್ಲ. ಟರ್ಬೈನ್ ಬ್ಲೇಡಿನ ತಗ್ಗು ಮುಖಕ್ಕೆ ಗ್ಯಾಸ್ ಬಂದು ಒತ್ತುತ್ತದೆ, ಹಾಗಾಗಿ ಉಬ್ಬು ಮುಖ ಮುಂದೆ ಇರುತ್ತದೆ. ಕಂಪ್ರೆಸರಿನಲ್ಲಿ ಒಂದು ಸ್ಟೇಜ್ ಅಂದರೆ ಮೊದಲು ತಿರುಗುವ ಸಾಲು, ಆಮೇಲೆ ನಿಂತ ಸಾಲು. ಟರ್ಬೈನಿನಲ್ಲಿ ಮೊದಲು ನಿಂತ ಸಾಲು, ಆಮೇಲೆ ತಿರುಗುವುದು.

ಕೊರೆದು ತೋರಿಸಿದ ಇಡೀ ಎಂಜಿನ್ ಮುಂದಿಟ್ಟರೆ ತಿರುಗುವ ಸಾಲುಗಳನ್ನು ಎಣಿಸಿ. ಸಾಮಾನ್ಯವಾಗಿ ಜಾಸ್ತಿ ಸಾಲು ಇರುವ ಕಡೆ ಕಂಪ್ರೆಸರ್. ಎಷ್ಟೋ ಏರ್‌ಬಸ್ ಎ320 ವಿಮಾನಗಳಲ್ಲಿ ಇರುವ ಸಿಎಫ್‌ಎಂ56-5ಬಿ ಎಂಜಿನ್ನಿನಲ್ಲಿ ಹೈ ಪ್ರೆಶರ್ ಕಂಪ್ರೆಸರ್ 9 ಸಾಲು, ಅದನ್ನು ತಿರುಗಿಸುವ ಟರ್ಬೈನ್ ಒಂದೇ ಸಾಲು. ಹಳೆಯ ಜೆಟ್ ಎಂಜಿನ್ ಆರ್ಫಿಯಸ್‌ನಲ್ಲಿ 7ಕ್ಕೆ 1. ಗಾಳಿಯನ್ನು ಒತ್ತಡಕ್ಕೆ ಎದುರಾಗಿ ತಳ್ಳುವುದು ಕಷ್ಟ, ಒಂದೊಂದು ಸಾಲೂ ಸ್ವಲ್ಪ ಸ್ವಲ್ಪವೇ ಏರಿಸಬೇಕು, ಅವಸರ ಮಾಡಿದರೆ ಗಾಳಿ ಬ್ಲೇಡಿನ ಮೈ ಬಿಟ್ಟುಬಿಡುತ್ತದೆ. ಟರ್ಬೈನಿನಲ್ಲಿ ಒತ್ತಡ ಇಳಿಯುತ್ತಾ ಹೋಗುತ್ತದೆ, ಅಲ್ಲಿ ಆ ಭಯ ಇಲ್ಲ.

"ಮುಂದೆ ಇರುವುದು ಕಂಪ್ರೆಸರ್" ಅನ್ನುವ ನಂಬಿಕೆಯನ್ನಂತೂ ಇವತ್ತೇ ಬಿಟ್ಟುಬಿಡಿ. ನಮ್ಮ ವಾಯುಪಡೆಯ ಪಿಲಾಟಸ್ ತರಬೇತಿ ವಿಮಾನದ ಪಿಟಿ6 ಎಂಜಿನ್ನಿನಲ್ಲಿ ಗಾಳಿ ಹಿಂದಿನಿಂದ ಒಳಗೆ ಬಂದು ಮುಂದಕ್ಕೆ ಹರಿಯುತ್ತದೆ, ಟರ್ಬೈನ್ ಪ್ರೊಪೆಲರ್ ಕಡೆ ಇರುತ್ತದೆ. ಚಾರ್ಟ್ ನಂಬಿಕೊಂಡು ಹೋದವರು ಅದರ ಮುಂದೆ ನಿಂತರೆ ಎಲ್ಲ ಹೆಸರನ್ನೂ ತಿರುಗುಮುರುಗು ಹೇಳುತ್ತಾರೆ.

ಬುಡ ಒಂದನ್ನೇ ನೋಡಿಯೂ ತೀರ್ಮಾನ ಮಾಡಬೇಡಿ. ಈಗ ಎಷ್ಟೋ ಕಂಪ್ರೆಸರುಗಳಲ್ಲಿ ಬ್ಲೇಡೂ ಡಿಸ್ಕೂ ಒಂದೇ ತುಂಡು, ಬುಡವೇ ಇರುವುದಿಲ್ಲ. ಹಿಂಬದಿಯ ಲೋ ಪ್ರೆಶರ್ ಟರ್ಬೈನ್ ಬ್ಲೇಡಿನಲ್ಲಿ ತಂಪು ಮಾಡುವ ತೂತು ಇಲ್ಲದೇ ಇರಬಹುದು, ಆದರೆ ತುದಿಯಲ್ಲಿ ಪಕ್ಕದ ಬ್ಲೇಡಿಗೆ ಕೂಡಿಕೊಳ್ಳುವ ಶ್ರೌಡ್ ಇರುತ್ತದೆ. ಎರಡು ಸಾಕ್ಷಿ ಸಿಗುವ ತನಕ ಬಾಯಿ ಬಿಡಬೇಡಿ. ಈಗ ನಾನು ಬೇರೆ ಕಡೆ ಬೋರೋಸ್ಕೋಪ್, ಅಂದರೆ ಒಳಗೆ ತೂರಿಸುವ ಸಣ್ಣ ಕ್ಯಾಮೆರಾ ಹಾಕಿ ಎಂಜಿನ್ ಒಳಗೆ ನೋಡುವ ಕೆಲಸದಲ್ಲಿದ್ದೇನೆ. ಪರದೆಯ ಮೇಲೆ ಕಾಣುವುದು ಒಂದು ಅಂಚು, ನಾಲ್ಕು ರಂಧ್ರ, ಒಂದು ಕಲೆ. ಅಲ್ಲಿ ಯಾರೂ ಹೆಸರು ಬರೆದಿಟ್ಟಿರುವುದಿಲ್ಲ.

ಬೆಂಗಳೂರಿಗೆ ಹೋಗಲೇಬೇಕು ಅನ್ನಿಸಿದರೆ ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೆ ಹೋಗಿ ಬನ್ನಿ. ಬೆಳಗ್ಗೆ ರೈಲು ಹತ್ತಿದರೆ ರಾತ್ರಿಗೆ ಮನೆ. ಎಚ್‌ಎಎಲ್ ತನ್ನ ಎಂಜಿನ್ ವಿಭಾಗವನ್ನು 1957ರಲ್ಲಿ ಶುರು ಮಾಡಿದ್ದೇ ಆರ್ಫಿಯಸ್ ಎಂಜಿನ್ ತಯಾರಿಸುವುದಕ್ಕೆ, ಅವರದೇ ಯುದ್ಧವಿಮಾನ ಮಾರುತ್ ಹಾರಿದ್ದೂ ಅಂಥ ಎರಡು ಎಂಜಿನ್ನುಗಳಿಂದ. ಅಲ್ಲಿ ವಿಮಾನಗಳ ಜೊತೆ ಎಂಜಿನ್ನುಗಳನ್ನೂ ಇಟ್ಟಿದ್ದಾರೆ. ಫಲಕ ಓದುವ ಮೊದಲು ನಿಮ್ಮ ಉತ್ತರ ಬರೆದುಕೊಳ್ಳಿ, ಆಮೇಲೆ ಓದಿ.

ಕೊನೆಗೆ, ನೀವು ಹಾಕಿರುವ ಫೋಟೋ. ಮೈತುಂಬ ತೂತಿರುವ ಡಬ್ಬಿ, "ಇದು ಎಕ್ಸಾಸ್ಟ್ ಸೈಲೆನ್ಸರಾ?" ಅಂತ ಕೇಳಿದ್ದೀರಿ. ಅಲ್ಲ, ಅದು ಫ್ಲೇಮ್ ಟ್ಯೂಬ್, ಕಂಬಶ್ಚನ್ ಚೇಂಬರಿನಲ್ಲಿ ಇಂಧನ ಉರಿಯುವ ಡಬ್ಬಿ. ತೂತಿನಿಂದ ಇಂಧನ ಬರುವುದಿಲ್ಲ, ಗಾಳಿ ಬರುತ್ತದೆ. ಸಣ್ಣ ತೂತಿನ ಸಾಲುಗಳು ಗೋಡೆಯನ್ನು ತಂಪಾಗಿಡುವುದಕ್ಕೆ, ಹಿಂದಿನ ದೊಡ್ಡ ತೂತುಗಳು ಗ್ಯಾಸನ್ನು ಟರ್ಬೈನ್ ತಡೆಯುವಷ್ಟು ಬಿಸಿಗೆ ಇಳಿಸುವುದಕ್ಕೆ. ಒಳಗೆ ಉರಿ 2000 ಡಿಗ್ರಿ ಆಸುಪಾಸು, ಬರುವ ಗಾಳಿಯಲ್ಲಿ ಹೆಚ್ಚಿನ ಪಾಲು ಈ ತಂಪು ಮಾಡುವ ಕೆಲಸಕ್ಕೇ ಹೋಗುತ್ತದೆ. ಓರೆ ರೆಕ್ಕೆಗಳ ಬಳೆ ಕಾಣುತ್ತಿದೆಯಲ್ಲ, ಅದು ಗಾಳಿಯನ್ನು ಸುತ್ತಿಸುವ ಸ್ವರ್ಲರ್, ಡಬ್ಬಿಯ ಮುಂದಿನ ತುದಿ ಅದೇ. ಅದರ ನಡುವೆ ಇಂಧನ ಸಿಂಪಡಿಸುವ ಫ್ಯೂಯಲ್ ನೋಝಲ್ ಕೂರುತ್ತದೆ. ಪಕ್ಕಕ್ಕೆ ಚಾಚಿರುವ ಗಿಡ್ಡ ಕೊಳವೆ ಪಕ್ಕದ ಡಬ್ಬಿಗೆ ಬೆಂಕಿ ದಾಟಿಸುವುದಕ್ಕೆ. ಎಲ್ಲ ಡಬ್ಬಿಗೂ ಕಿಡಿ ಹೊತ್ತಿಸುವ ಇಗ್ನೈಟರ್ ಇರುವುದಿಲ್ಲ, ಸಾಮಾನ್ಯವಾಗಿ ಎರಡಕ್ಕೆ ಮಾತ್ರ. ಉಳಿದವು ಹೇಗೆ ಹತ್ತಿಕೊಳ್ಳುತ್ತವೆ ಅಂತ ಕೇಳಿದರೆ ಆ ಕೊಳವೆಯ ಮೇಲೆ ಬೆರಳಿಡಿ.