ಸಂಪಾದಕರ ಉತ್ತರ: ನಿಂಝೊ ಯಾವುದರ ಉಪಭಾಷೆ?

ನೈಜೀರಿಯಾದ ನಿಂಝೊ ಜನರ ಬಗ್ಗೆ ನಾವು ಪ್ರಕಟಿಸಿದ ಬರಹಕ್ಕೆ ಮಡಿಕೇರಿಯಿಂದ ಓದುಗರೊಬ್ಬರು ಬರೆದಿದ್ದಾರೆ: “ಚುನಾವಣೆ ನಡೆಯುವ ದೇಶದಲ್ಲಿ ಈ ಪುಟ್ಟ ಪಂಗಡಕ್ಕೆ ಅರಸ ಬೇರೆ ಯಾಕೆ? ಅವರ ಉಪಭಾಷೆಗೆ ಎರಡು ಪುಟ ಬೇಕಿತ್ತೆ? ನಮ್ಮಜ್ಜಿಯ ಕೊಡವ ತಕ್ಕ್ ನಾವು ಬಿಟ್ಟೆವು, ಏನೂ ಮುಳುಗಲಿಲ್ಲ.”

ಅರಸೊತ್ತಿಗೆಯನ್ನು ಪ್ರಶ್ನಿಸಿದ್ದು ಸರಿಯೇ. ‘ಉಪಭಾಷೆ’ ಎಂಬ ಮಾತು ಮಾತ್ರ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಯಾವುದರ ಉಪಭಾಷೆ ಸ್ವಾಮಿ? ನಿಂಝೊ ಜನರ ನೆಲೆ ನೈಜೀರಿಯಾದ ಕಡುನಾ ರಾಜ್ಯದ ದಕ್ಷಿಣ ಭಾಗ. ಅಲ್ಲಿ ಸಂತೆಯ ಮಾತು ಹೌಸಾ. ಅದು ಚಾಡಿಕ್ ಎಂಬ ಭಾಷಾ ಶಾಖೆಯದು. ನಿಂಝೊ ಬೇರೆಯೇ ಕುಟುಂಬದ, ಬೆನುವೆ-ಕಾಂಗೊ ಬಳಗದ್ದು. ಮಡಾ, ನುಮನ ಎಂಬ ಭಾಷೆಗಳು ಅದರ ಒಡಹುಟ್ಟುಗಳು. ಕನ್ನಡ ಹಿಂದಿಯ ಉಪಭಾಷೆಯಾದರೆ ನಿಂಝೊ ಹೌಸಾದ ಉಪಭಾಷೆ!

ಇನ್ನು ಅರಸನ ವಿಷಯ. ಬ್ರಿಟಿಷರು ಉತ್ತರ ನೈಜೀರಿಯಾವನ್ನು ಅಮೀರರ, ಅಂದರೆ ಅಲ್ಲಿನ ಮುಸ್ಲಿಂ ದೊರೆಗಳ, ಕೈಯಲ್ಲಿ ಆಳಿಸಿದರು. ಅಮೀರರನ್ನೇ ಕಾಣದಿದ್ದ ಆ ಸೀಮೆಯ ಎಷ್ಟೋ ಜನ ಹೀಗೆ ಜೆಮಾ ಎಂಬ ಸಂಸ್ಥಾನದ ಅಮೀರನ ದರ್ಬಾರಿಗೆ ಸೇರಿಹೋದರು. 1960ರಲ್ಲಿ ಸ್ವಾತಂತ್ರ್ಯ ಬಂತು, ದರ್ಬಾರು ಉಳಿಯಿತು. ಹಲವು ಸಮುದಾಯಗಳಿಗೆ ತಮ್ಮದೇ ಮುಖಂಡನೆಂಬ ಮನ್ನಣೆ ದಕ್ಕಿದ್ದು 2000ದ ಕಡುನಾ ಗಲಭೆಗಳಲ್ಲಿ ನೆತ್ತರು ಹರಿದ ಮೇಲೆ. ನಿಂಝೊ ಜನರ ಅರಸ ‘ಉಚು ನಿಂಝೊ’. ಅಮೀರ ಅಲ್ಲ, ಹೌಸಾದವರು ಅರಸನಿಗೆ ಅನ್ನುವ ಸಾರ್ಕಿ ಅಲ್ಲ, ಉಚು. ಅವನ ಪೀಠವಿರುವ ಊರು ಫಾದನ್ ವಾಟೆ. ‘ಫಾದ’ ಎಂದರೆ ಹೌಸಾದಲ್ಲಿ ಅರಮನೆ! ಊರ ಹೆಸರಿಗೂ ಸಂತೆಯ ಮಾತು ಅಂಟಿಕೊಂಡ ಮೇಲೆ, ಮನೆಮಾತಿನ ಆ ಒಂದು ಬಿರುದಿಗೆ ಎಷ್ಟು ಬೆಲೆ ಎಂದು ನೀವೇ ಯೋಚಿಸಿ.

ನನ್ನನ್ನು ಶಾಲೆಗೆ ಸೇರಿಸುವಾಗ ಮಾತೃಭಾಷೆ ಯಾವುದೆಂದು ಮೇಷ್ಟ್ರು ಕೇಳಿದರು. ಅಮ್ಮ ‘ತುಳು’ ಅಂದಳು. ಮೇಷ್ಟ್ರು ‘ಕನ್ನಡ’ ಎಂದು ಬರೆದು, ಶಾಯಿಯ ಮೇಲೆ ಒತ್ತುಕಾಗದ ಒತ್ತಿದರು. ಅಮ್ಮ ಎರಡನೇ ಸಲ ಹೇಳಲಿಲ್ಲ. ಕನ್ನಡವೇ ನನಗೆ ಅನ್ನ ಕೊಟ್ಟಿದೆ. ಆದರೂ ಆ ಒತ್ತುಕಾಗದ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆಗಳಿವೆ. ತುಳು ಇಲ್ಲ, ನಿಮ್ಮಜ್ಜಿಯ ನುಡಿಯೂ ಇಲ್ಲ. ನೈಜೀರಿಯಾ 2022ರಲ್ಲಿ ಪ್ರಾಥಮಿಕ ಶಾಲೆಗೆ ಮಾತೃಭಾಷೆ ಎಂದಿತು. 2025ರಲ್ಲಿ ಹಿಂದೆಗೆದು ಇಂಗ್ಲಿಷೇ ಸಾಕು ಎಂದಿತು. ಎಲ್ಲ ಕಡೆಯೂ ದೊಡ್ಡ ಭಾಷೆಯವರಿಗೆ ಸಣ್ಣ ಭಾಷೆ ಹೊರೆಯಾಗಿಯೇ ಕಾಣುತ್ತದೆ, ಇದರಲ್ಲಿ ನಾವು ಕನ್ನಡಿಗರೂ ಸೇರಿದ್ದೇವೆ.

ಏನೂ ಮುಳುಗಲಿಲ್ಲ ಎಂದಿರಿ. ಅಜ್ಜಿ ನಿಮ್ಮನ್ನು ಊಟಕ್ಕೆ ಕರೆಯುತ್ತಿದ್ದ ಮಾತು, ಬೈಯುತ್ತಿದ್ದ ಮಾತು, ನೆನಪಿದ್ದಷ್ಟನ್ನು ಬರೆದು ಕಳಿಸಿ. ಎರಡು ಪುಟ ತೆಗೆದಿಟ್ಟಿರುತ್ತೇನೆ.