ಕಾರ್ಲ್ಸ್‌ರೂಹೆಗೆ ಹೊರಟಿರುವ ತಂಗಿಗೆ

ತಂಗೀ, ನಿನ್ನ ಪತ್ರ ಓದಿ ತುಂಬಾ ಖುಷಿ ಆಯ್ತು. ಮೈಸೂರಲ್ಲಿ ಎಂಎಸ್ಸಿ ಮುಗಿಸಿ, ಕಾಸ್ಮಿಕ್ ಕಿರಣಗಳ, ಅಂದರೆ ಬಾಹ್ಯಾಕಾಶದಿಂದ ಬಂದು ಬೀಳುವ ಕಣಗಳ ಮೇಲೆ ಪಿಎಚ್‌ಡಿ ಮಾಡಲು ಜರ್ಮನಿಯ ಈ ಊರಿಗೆ ಬರುತ್ತಿದ್ದೀಯ ಅಂದರೆ ಸಣ್ಣ ಮಾತಲ್ಲ. ಮೂರು ಪ್ರಶ್ನೆ ಕೇಳಿದ್ದೀಯ. ಜರ್ಮನಿಯಲ್ಲೇ ನೆಲೆ ನಿಲ್ಲಬಹುದಾ, ಭಾಷೆ ಕಲಿಯಲೇಬೇಕಾ, "ಆಕಾಶ ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು" ಅನ್ನುವ ಅಮ್ಮನಿಗೆ ಏನು ಹೇಳಲಿ. ಇಲ್ಲಿಗೆ ಬಂದು ನನಗೆ ಹದಿನಾರು ವರ್ಷ ಆಯ್ತು. ನಾನು ಕಂಡದ್ದನ್ನು ಹೇಳುತ್ತೇನೆ.

ನೆಲೆ ನಿಲ್ಲುವ ಮಾತು ಮೊದಲು. ಇಲ್ಲಿ ವಿಶ್ವವಿದ್ಯಾಲಯದ ಸಂಶೋಧಕರಿಗೆ ಒಂದು ಕಾನೂನಿದೆ. ಪಿಎಚ್‌ಡಿಗೆ ಮುಂಚೆ ಆರು ವರ್ಷ, ಆಮೇಲೆ ಆರು ವರ್ಷ, ಅಷ್ಟೇ ತಾತ್ಕಾಲಿಕ ಕೆಲಸ. ಮಗು ಆದರೆ ಎರಡು ವರ್ಷ ಜಾಸ್ತಿ ಸಿಗಬಹುದು. ಹೊರಗಿನ ಪ್ರಾಜೆಕ್ಟ್ ದುಡ್ಡು ಇದ್ದರೆ ಅದನ್ನೂ ದಾಟಬಹುದು. ಇಲ್ಲದಿದ್ದರೆ ಕಾಯಂ ಕೆಲಸ ಸಿಗಬೇಕು, ಅದು ಬಹಳ ಕಡಿಮೆ. ನಮ್ಮ ವಿಜ್ಞಾನಕ್ಕೋ ಇಂಥ ಅವಸರವೇ ಇಲ್ಲ. ಅತಿ ಹೆಚ್ಚು ಶಕ್ತಿಯ ಕಣ ಒಂದು ಚದರ ಕಿಲೋಮೀಟರಿಗೆ ನೂರು ವರ್ಷಕ್ಕೆ ಸುಮಾರು ಒಂದು ಬೀಳುತ್ತದೆ. ಇವೂ, ಇವಕ್ಕಿಂತ ಸ್ವಲ್ಪ ಕಡಿಮೆ ಶಕ್ತಿಯ ಕಣಗಳೂ ನಮ್ಮ ಗೆಲಾಕ್ಸಿಯ ಹೊರಗಿನಿಂದ ಬರುತ್ತವೆ ಎಂದು 2017ರಲ್ಲಿ ನಮ್ಮ ಪಿಯರ್ ಓಜೆ ವೀಕ್ಷಣಾಲಯ ಪ್ರಕಟಿಸಿತಲ್ಲ, ಅದಕ್ಕೆ 2004ರಿಂದ ಹನ್ನೆರಡು ವರ್ಷಕ್ಕೂ ಮೀರಿ ಕೂಡಿಟ್ಟ 30,000ಕ್ಕೂ ಹೆಚ್ಚು ಕಣಗಳ ಲೆಕ್ಕ ಬೇಕಾಯಿತು. ನಿನ್ನ ಕಾಂಟ್ರಾಕ್ಟ್ ಮೂರು ವರ್ಷದ್ದು. ಈ ಎರಡು ಗಡಿಯಾರವನ್ನೂ ಒಟ್ಟಿಗೆ ಕೈಗೆ ಕಟ್ಟಿಕೊಂಡು ಬದುಕಬೇಕು ತಂಗೀ.

ನನ್ನ ಎರಡನೇ ಕಾಂಟ್ರಾಕ್ಟ್ ಮುಗಿಯುವ ಹೊತ್ತಿಗೆ ಮುಂದುವರಿಕೆಯ ಕಾಗದ ತಡವಾಗಿ ಬಂತು. ವೀಸಾ ಅದಕ್ಕೇ ಸಿಕ್ಕಿಕೊಂಡಿತು. ತಮ್ಮನ ಮದುವೆಯನ್ನು ಫೋನಿನಲ್ಲಿ ನೋಡಿದೆ. ಧಾರೆ ಎರೆಯುವಾಗ ನೆಟ್‌ವರ್ಕ್ ಹೋಯಿತು. ಆ ಸಂಕಟ ಇನ್ನೂ ಇದೆ. ಅದಕ್ಕೇ ಹೇಳುವುದು, ಕಾಂಟ್ರಾಕ್ಟ್ ಮುಗಿಯಲು ಆರು ತಿಂಗಳು ಇರುವಾಗಲೇ ಕೇಳಲು ಶುರು ಮಾಡು. ಸಂಕೋಚ ಬೇಡ.

ಇನ್ನೊಂದು ಮಾತು. ನಮ್ಮ ಪ್ರಬಂಧಗಳಲ್ಲಿ ನಾನೂರು ಹೆಸರು, ಅದೂ ಅಕ್ಷರಮಾಲೆಯ ಕ್ರಮದಲ್ಲಿ. ನೀನು ಏನು ಮಾಡಿದೆ ಅಂತ ಅದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಮೊದಲ ವರ್ಷವೇ ಒಂದು ಕೆಲಸವನ್ನು ನಿನ್ನದು ಅಂತ ಹಿಡಿ, ಸಭೆಗಳಲ್ಲಿ ನೀನೇ ಎದ್ದು ನಿಂತು ಮಾತಾಡು. ಜೊತೆಗೆ ಕಂಪ್ಯೂಟರ್ ಕೆಲಸ ಗಟ್ಟಿಯಾಗಿ ಕಲಿ. ನನಗೆ ಹನ್ನೊಂದನೇ ವರ್ಷದಲ್ಲಿ ಕಾಯಂ ಕೆಲಸ ಸಿಕ್ಕಿದ್ದು ಡೇಟಾ ನೋಡಿಕೊಳ್ಳುವುದಕ್ಕೇ. ನನ್ನ ಜೊತೆಗಿದ್ದ ಹಲವರು ಸಾಫ್ಟ್‌ವೇರಿಗೆ, ಇನ್ಶೂರೆನ್ಸಿಗೆ ಹೋದರು. ಚೆನ್ನಾಗಿದ್ದಾರೆ. ಅದನ್ನು ಸೋಲು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ, ನೀನೂ ಅಂದುಕೊಳ್ಳಬೇಡ.

ಜರ್ಮನ್ ಕಲಿ, ಖಂಡಿತ ಕಲಿ. ಲ್ಯಾಬಿನಲ್ಲಿ ಇಂಗ್ಲಿಷ್ ಸಾಕು. ಆದರೆ ಮನೆ ಮಾಲೀಕ, ಡಾಕ್ಟರ ಕ್ಲಿನಿಕ್ಕು, ವೀಸಾ ಆಫೀಸು, ಎಲ್ಲ ಜರ್ಮನ್ನೇ. ಪಿಎಚ್‌ಡಿ ಆದಮೇಲೆ ಪೂರ್ತಿ ಸಂಬಳದ ಕೆಲಸ, ಜೊತೆಗೆ ಬ್ಲೂ ಕಾರ್ಡ್ (ಹೆಚ್ಚು ಓದಿದ ಹೊರದೇಶದವರಿಗೆ ಕೊಡುವ ಕೆಲಸದ ಪರವಾನಗಿ) ಸಿಕ್ಕರೆ, ಬಿ1 ಅನ್ನುವ ಮಧ್ಯಮ ಮಟ್ಟದ ಜರ್ಮನ್ ಇದ್ದವರು 21 ತಿಂಗಳಿಗೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಹಾಂ, ಬಾಡಿಗೆ ಮನೆಯಲ್ಲಿ ಅಡುಗೆ ಕಟ್ಟೆ, ಸಿಂಕು ಕೂಡ ಇಲ್ಲದೆ ಇರಬಹುದು. ನೋಡಿಯೇ ಒಪ್ಪಿಕೋ.

ಈಗ ಅಮ್ಮನ ಪ್ರಶ್ನೆ. ಕಣ ಹಿಡಿಯುವ ನಮ್ಮ ಓಜೆ ವೀಕ್ಷಣಾಲಯದ ಟ್ಯಾಂಕುಗಳು ಇರುವುದು ಜರ್ಮನಿಯಲ್ಲೂ ಅಲ್ಲ, ಅರ್ಜೆಂಟೀನಾದ ಮಲಾರ್ಗುವೆ ಊರಿನ ಹತ್ತಿರ. ಸುಮಾರು 3000 ಚದರ ಕಿಲೋಮೀಟರು, ಬೆಂಗಳೂರು ನಗರ ಜಿಲ್ಲೆಗಿಂತ ದೊಡ್ಡದು. ಅಲ್ಲಿ 1600ಕ್ಕೂ ಹೆಚ್ಚು ಟ್ಯಾಂಕು, ಒಂದರಿಂದ ಒಂದಕ್ಕೆ ಒಂದೂವರೆ ಕಿಲೋಮೀಟರು. ನಮ್ಮ ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ಥರದ ಪ್ಲಾಸ್ಟಿಕ್ಕೇ, ಆದರೆ 12,000 ಲೀಟರಿನದು. ಒಳಗೆ ಶುದ್ಧ ನೀರು, ಪೂರ್ತಿ ಕತ್ತಲು. ಆಕಾಶದಿಂದ ಬಿದ್ದ ಕಣ, ನೀರಿನೊಳಗೆ ಬೆಳಕು ಸಾಗುವುದಕ್ಕಿಂತ ವೇಗವಾಗಿ ಹಾಯುವಾಗ ಸಣ್ಣದೊಂದು ನೀಲಿ ಮಿನುಗು. ಟ್ಯಾಂಕಿನೊಳಗಿನ ಬೆಳಕು ಗುರುತಿಸುವ ಕಣ್ಣುಗಳು ಅದನ್ನು ಹಿಡಿಯುತ್ತವೆ. ಸುತ್ತ ಮುಳ್ಳುಪೊದೆ. ನಾನು ಮೊದಲ ಸಲ ಹೋದಾಗ ಒಂದು ಹಸು ಟ್ಯಾಂಕಿಗೆ ಬೆನ್ನು ಉಜ್ಜಿಕೊಳ್ಳುತ್ತಾ ನಿಂತಿತ್ತು. ಊರು ನೆನಪಾಗಿ ಕಣ್ಣು ತುಂಬಿ ಬಂತು.

ಅಲ್ಲಿ ಟೆಲಿಸ್ಕೋಪುಗಳೂ ಇವೆ. ಚಂದ್ರ ಇಲ್ಲದ ರಾತ್ರಿ ಅವನ್ನು ನೋಡಿಕೊಳ್ಳುವ ಶಿಫ್ಟ್. ಕತ್ತಲಾದ ಮೇಲೆ ಶಟರ್ ಏಳುತ್ತದೆ. ಸ್ಕ್ರೀನಿನ ಮೇಲೆ ಜೇನುಗೂಡಿನ ಥರ ಆರು ಮೂಲೆಯ 440 ಚುಕ್ಕಿ. ಒಂದು ಸಲ ಅದರ ಮೇಲೆ ಓರೆಯಾಗಿ ಬಣ್ಣದ ಗೆರೆ ಮೂಡಿತು. ಯಾವುದೋ ಗೆಲಾಕ್ಸಿಯಿಂದ ಹೊರಟ ಒಂದೇ ಒಂದು ಕಣ ನಮ್ಮ ಗಾಳಿಗೆ ಬಡಿದು ಕೋಟಿಗಟ್ಟಲೆ ಕಣಗಳಾಗಿ ಸುರಿದ ಗುರುತು. ಆ ರಾತ್ರಿ ನಾನು ಮಲಗಲಿಲ್ಲ.

ಅಮ್ಮನಿಗೆ ಇದನ್ನೂ ಹೇಳು. ಈ ವಿದ್ಯೆ ನಮಗೆ ಹೊರಗಿನದಲ್ಲ. ನಂಜನಗೂಡಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ 1950ರ ದಶಕದಲ್ಲೇ ಕೋಲಾರದ ಚಿನ್ನದ ಗಣಿಗೆ ಇಳಿದು ಕಾಸ್ಮಿಕ್ ಕಿರಣ ಅಳೆದರು. ಅದೇ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, 1965ರಲ್ಲಿ ವಾತಾವರಣದ ನ್ಯೂಟ್ರಿನೊ ಸಿಕ್ಕಿತು, ಅಂದರೆ ಕಾಸ್ಮಿಕ್ ಕಿರಣ ಗಾಳಿಗೆ ಬಡಿದಾಗ ಹುಟ್ಟಿ ಬಂಡೆಯನ್ನೂ ದಾಟಿ ಹೋಗುವ ಕಣ. ಮೇಲಿನ ಬಂಡೆ ಉಳಿದ ಕಣಗಳನ್ನು ಬಹುಪಾಲು ತಡೆದು ಅದೊಂದನ್ನು ಬಿಟ್ಟುಕೊಟ್ಟಿತ್ತು. ಅವರು ನೆಲದ ಕೆಳಗೆ ಹೋದರು, ನೀನು ಸ್ವಲ್ಪ ದೂರ ಹೋಗುತ್ತಿದ್ದೀಯ.

ಟಿಕೆಟ್ ಆದ ತಕ್ಷಣ ದಿನಾಂಕ ತಿಳಿಸು. ಸ್ಟೇಷನ್ನಿಗೆ ನಾನೇ ಬರುತ್ತೇನೆ. ಮೊದಲ ವಾರ ನಮ್ಮ ಮನೆಯಲ್ಲೇ ಊಟ.